ತಿರುಳು ಕೆಟ್ಟಾಗ ಗಣಕಯಂತ್ರ ಮಾಡಬೇಕಾದುದೇನು?

ಅಂತಿಮ ಬಿ.ಎ. ವಿದ್ಯಾರ್ಥಿ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ರಾಜ್ಯಶಾಸ್ತ್ರವನ್ನು ಓದುವ ನಮಗೆ ಈ ಪ್ರಶ್ನೆ ಹೊಸದಲ್ಲ. ಪ್ರಜೆ ತಪ್ಪಿದರೆ ಅಧಿಕಾರಿ ತಿದ್ದುತ್ತಾನೆ. ಅಧಿಕಾರಿ ತಪ್ಪಿದರೆ ನ್ಯಾಯಾಲಯ ತಿದ್ದುತ್ತದೆ. ಎಲ್ಲರಿಗೂ ಮೇಲಿರುವವನೇ ತಪ್ಪಿದರೆ ತಿದ್ದುವವರು ಯಾರು? ಈ ಪ್ರಶ್ನೆ ರಾಜ್ಯಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ಕಚೇರಿಯ ಮೇಜಿನ ಮೇಲಿರುವ ಗಣಕಯಂತ್ರದಲ್ಲಿಯೂ, ಅಂಗಿಯ ಜೇಬಿನಲ್ಲಿರುವ ಫೋನಿನಲ್ಲಿಯೂ ಇದೇ ಪ್ರಶ್ನೆ ಅಡಗಿದೆ ಎಂದರೆ ಕಲಾ ವಿಭಾಗದ ನನ್ನ ಸಹಪಾಠಿಗಳಿಗೆ ಆಶ್ಚರ್ಯವಾದೀತು. ಐಚ್ಛಿಕ ವಿಷಯವಾಗಿ ಗಣಕಯಂತ್ರದ ಪ್ರಾಥಮಿಕ ಪಾಠಗಳನ್ನು ಓದುತ್ತಿದ್ದಾಗ ನನಗೂ ಹಾಗೆಯೇ ಆಯಿತು. ಇಂಜಿನಿಯರುಗಳಿಗೆ ಮಾತ್ರ ಬೇಕಾದ ವಿಷಯವೆಂದು ಮೊದಲು ತೋರಿದರೂ, ವಿಚಾರಿಸುತ್ತ ಹೋದಂತೆ ಇದು ಕರ್ತವ್ಯಾಕರ್ತವ್ಯಗಳ ಪ್ರಶ್ನೆಯೆಂದು ಕಂಡಿತು. ಆದುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಈ ತಿರುಳು ಎಂದರೇನೆಂಬುದನ್ನು ನೋಡೋಣ. ಗಣಕಯಂತ್ರದಲ್ಲಿ ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಒಂದು ಪತ್ರ ಬರೆಯುವುದಕ್ಕೆ, ಒಂದು ಲೆಕ್ಕ ಮಾಡುವುದಕ್ಕೆ, ಮತ್ತೊಂದು ಹಾಡು ಕೇಳಿಸುವುದಕ್ಕೆ. ಇವೆಲ್ಲಕ್ಕೂ ಇರುವ ಮೆಮೊರಿ ಒಂದೇ, ಡಿಸ್ಕು ಒಂದೇ. ಇವುಗಳನ್ನು ಜಗಳವಿಲ್ಲದಂತೆ ಎಲ್ಲರಿಗೂ ಹಂಚಿಕೊಟ್ಟು, ಒಬ್ಬರ ಪಾಲಿಗೆ ಮತ್ತೊಬ್ಬರು ಕೈಹಾಕದಂತೆ ನೋಡಿಕೊಳ್ಳುವ ಮೇಲ್ವಿಚಾರಕನೊಬ್ಬನು ಬೇಕು. ಅವನೇ ಆಪರೇಟಿಂಗ್ ಸಿಸ್ಟಂ. ಅದರಲ್ಲಿಯೂ ತೀರ ಒಳಗಿದ್ದು, ಯಂತ್ರದ ಎಲ್ಲ ಅಂಗಗಳನ್ನೂ ನೇರವಾಗಿ ಮುಟ್ಟುವ ಅಧಿಕಾರವುಳ್ಳ ಭಾಗಕ್ಕೆ ಕರ್ನೆಲ್, ಅಂದರೆ ತಿರುಳು, ಎಂದು ಹೆಸರು. ಯಾವ ಮೆಮೊರಿಯ ಜಾಗ ಯಾರದು, ಡಿಸ್ಕಿನ ಯಾವ ಭಾಗದಲ್ಲಿ ಯಾವ ಕಡತವಿದೆ, ಈಗ ಯಾರ ಸರದಿ, ಎಂಬ ಎಲ್ಲ ದಫ್ತರಗಳೂ ಈ ಕರ್ನೆಲ್ಲಿನ ಕೈಯಲ್ಲಿರುತ್ತವೆ.

ಸಾಮಾನ್ಯ ಪ್ರೋಗ್ರಾಮೊಂದು ತಪ್ಪು ಮಾಡಿದರೆ, ಉದಾಹರಣೆಗೆ ತನ್ನದಲ್ಲದ ಮೆಮೊರಿಯನ್ನು ಮುಟ್ಟಹೋದರೆ, ಪ್ರೊಸೆಸರು ಒಡನೆಯೇ ಕರ್ನೆಲ್ಲಿಗೆ ದೂರು ಕೊಡುತ್ತದೆ. ಕರ್ನೆಲ್ ಆ ಪ್ರೋಗ್ರಾಮನ್ನು ಕೊನೆಗಾಣಿಸುತ್ತದೆ. ಉಳಿದವು ಏನೂ ಆಗದಂತೆ ನಡೆಯುತ್ತವೆ. ಇದರಲ್ಲಿ ತೊಡಕೇನೂ ಇಲ್ಲ. ತೊಡಕು ಬರುವುದು ಕರ್ನೆಲ್ಲೇ ಅಂತಹ ತಪ್ಪನ್ನು ಮಾಡಿದಾಗ. ಆಗಲೂ ಪ್ರೊಸೆಸರು ದೂರು ಕೊಡುತ್ತದೆ, ಆದರೆ ಯಾರಿಗೆ? ಪುನಃ ಆ ಕರ್ನೆಲ್ಲಿಗೇ! ಆರೋಪಿಯೂ ಅವನೇ, ನ್ಯಾಯಾಧೀಶನೂ ಅವನೇ. ಈ ಸ್ಥಿತಿಯಲ್ಲಿ ಅವನು ಮಾಡಬೇಕಾದುದೇನು ಎಂಬುದೇ ನಮ್ಮ ವಿಷಯ.

ತನ್ನ ತಪ್ಪು ಕರ್ನೆಲ್ಲಿಗೆ ತಿಳಿಯುವ ಬಗೆ ಎರಡು. ಮೊದಲನೆಯದು ಮೇಲೆ ಹೇಳಿದ ಪ್ರೊಸೆಸರಿನ ದೂರು: ಇಲ್ಲದ ವಿಳಾಸವನ್ನು ಓದಹೋದದ್ದು, ಸೊನ್ನೆಯಿಂದ ಭಾಗಿಸಹೋದದ್ದು ಮುಂತಾದುವು. ಎರಡನೆಯದು ಕರ್ನೆಲ್ ತಾನಾಗಿಯೇ ಇಟ್ಟುಕೊಂಡ ತಪಾಸಣೆಗಳು. ಒಂದು ಕಡತವನ್ನು ಎಷ್ಟು ಜನ ತೆರೆದಿದ್ದಾರೆಂಬ ಎಣಿಕೆ ಎಂದೂ ಸೊನ್ನೆಗಿಂತ ಕಡಮೆಯಾಗಲಾರದು. ಹಾಗೇನಾದರೂ ಆಗಿದ್ದರೆ ಎಲ್ಲಿಯೋ ಲೆಕ್ಕ ತಪ್ಪಿದೆಯೆಂದೇ ಅರ್ಥ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತಪ್ಪು ಕಂಡ ಜಾಗವೂ ತಪ್ಪು ನಡೆದ ಜಾಗವೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಅಂಗಡಿಯ ಕಿರ್ದಿಯನ್ನೂ ಖತಾವಣಿಯನ್ನೂ ಸಂಜೆ ತಾಳೆ ನೋಡಿದಾಗ ಹತ್ತು ರೂಪಾಯಿ ವ್ಯತ್ಯಾಸ ಕಂಡಿತೆನ್ನಿ. ವ್ಯತ್ಯಾಸ ಕಂಡದ್ದು ಸಂಜೆ. ತಪ್ಪಿ ಬರೆದದ್ದು ಬೆಳಿಗ್ಗೆ ಇರಬಹುದು, ನಿನ್ನೆ ಇರಬಹುದು. ನಡುವೆ ಆ ತಪ್ಪಿನ ಮೇಲೆಯೇ ಇನ್ನೆಷ್ಟು ಬರವಣಿಗೆ ನಡೆದಿದೆಯೋ ಬಲ್ಲವರಾರು? ಆದುದರಿಂದ ಕಂಡ ಕಡೆ ಹತ್ತು ರೂಪಾಯಿ ಸೇರಿಸಿ ಸರಿಮಾಡಿದರೆ ಲೆಕ್ಕ ಸರಿಯಾಗುವುದಿಲ್ಲ; ತಪ್ಪು ಮುಚ್ಚಿಹೋಗುತ್ತದೆ, ಅಷ್ಟೆ. ಕರ್ನೆಲ್ಲಿನ ಸ್ಥಿತಿಯೂ ಹೀಗೆಯೇ. ಒಂದು ತಪ್ಪು ಕಂಡಿತೆಂದರೆ ತನ್ನ ದಫ್ತರಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂಬುದೇ ಅದಕ್ಕೆ ನಿಶ್ಚಯವಿಲ್ಲ.

ಈ ಪ್ರಶ್ನೆಗೆ ಉತ್ತರಗಳನ್ನು ಹುಡುಕಿದ ಇತಿಹಾಸ ಸ್ವಾರಸ್ಯವಾಗಿದೆ. ೧೯೬೦ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ., ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಪ್ರಯೋಗಾಲಯ ಈ ಮೂವರೂ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ಆಪರೇಟಿಂಗ್ ಸಿಸ್ಟಮ್ಮನ್ನು ಕಟ್ಟಲು ತೊಡಗಿದರು. ೧೯೬೯ರಲ್ಲಿ ಬೆಲ್ ಪ್ರಯೋಗಾಲಯ ಅದರಿಂದ ಹೊರಬಂದಿತು. ಅಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬಿಬ್ಬರು ಅದೇ ವರ್ಷ ಚಿಕ್ಕದಾದ, ಸರಳವಾದ ಬೇರೊಂದು ಸಿಸ್ಟಮ್ಮನ್ನು ಆರಂಭಿಸಿದರು. ಅದೇ ಮುಂದೆ ಹೆಸರುವಾಸಿಯಾದ ಯುನಿಕ್ಸ್. ಮಲ್ಟಿಕ್ಸಿನಲ್ಲಿ ಕೆಲಸ ಮಾಡಿದ ಟಾಮ್ ವ್ಯಾನ್ ವ್ಲೆಕ್ ಅವರು ಹೇಳಿರುವ ಒಂದು ಪ್ರಸಂಗವಿದೆ. ತಾವು ಬರೆಯುತ್ತಿದ್ದ ಪ್ರೋಗ್ರಾಮಿನಲ್ಲಿ ಸುಮಾರು ಅರ್ಧದಷ್ಟು ತಪ್ಪುಗಳಿಂದ ಚೇತರಿಸಿಕೊಳ್ಳುವುದಕ್ಕೇ ಮೀಸಲಾಗಿದೆಯೆಂದು ಅವರು ರಿಚಿಯವರಿಗೆ ಹೇಳಿದರಂತೆ. ರಿಚಿಯವರು, ತಾವು ಅದನ್ನೆಲ್ಲ ಬಿಟ್ಟುಬಿಟ್ಟೆವೆಂದೂ, ಪ್ಯಾನಿಕ್ ಎಂಬ ಒಂದು ಭಾಗವಿದೆಯೆಂದೂ, ತಪ್ಪು ಕಂಡೊಡನೆ ಅದು ಯಂತ್ರವನ್ನು ನಿಲ್ಲಿಸಿಬಿಡುತ್ತದೆಂದೂ, ಆಗ ಮತ್ತೆ ಹಚ್ಚಿರೆಂದು ಪಡಸಾಲೆಯ ಕಡೆಗೆ ಕೂಗಿ ಹೇಳಿದರೆ ಆಯಿತೆಂದೂ ಉತ್ತರ ಕೊಟ್ಟರಂತೆ.

ಪ್ಯಾನಿಕ್ ಎಂದರೆ ಗಾಬರಿ. ಮೇಲುನೋಟಕ್ಕೆ ಇದು ಸೋಮಾರಿಯ ಉತ್ತರದಂತೆ ತೋರಬಹುದು. ಆದರೆ ವಿಚಾರಮಾಡಿದರೆ ಇದರಲ್ಲಿ ವಿವೇಕವಿದೆ. ತಪ್ಪಿನಿಂದ ಚೇತರಿಸುವ ಪ್ರೋಗ್ರಾಮನ್ನೂ ಬರೆದವನು ಮನುಷ್ಯನೇ, ಅದರಲ್ಲಿಯೂ ತಪ್ಪಿರಬಹುದು. ಅಲ್ಲದೆ ಅದು ನಡೆಯುವುದು ಅಪರೂಪಕ್ಕೊಮ್ಮೆ. ಆದುದರಿಂದ ಅದನ್ನು ಪರೀಕ್ಷಿಸುವ ಸಂದರ್ಭವೂ ಕಡಮೆ. ಕೆಟ್ಟ ದಫ್ತರಗಳನ್ನು, ಪರೀಕ್ಷೆಯಾಗದ ಕೈಯಿಂದ, ಆತುರದಲ್ಲಿ ರಿಪೇರಿ ಮಾಡಹೋಗುವುದಕ್ಕಿಂತ ನಿಂತುಬಿಡುವುದೇ ಮೇಲು ಎಂಬುದು ಅವರ ತೀರ್ಮಾನದ ತಿರುಳು.

ನಿಲ್ಲುವುದು ಏತಕ್ಕೆ ಮೇಲು ಎಂಬುದನ್ನು ನಮಗೆ ಹತ್ತಿರವಾದ ಒಂದು ಉದಾಹರಣೆಯಿಂದ ನೋಡೋಣ. ನಮ್ಮ ರಾಜ್ಯದ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಈಗ ಅನೇಕ ಕಡೆ ಹಾಲಿನ ಅಳತೆಯನ್ನೂ ಜಿಡ್ಡಿನ ಅಂಶವನ್ನೂ ಯಂತ್ರವೇ ದಾಖಲುಮಾಡುತ್ತದೆ. ನನ್ನ ತಾಯಿ ದಿನಕ್ಕೆರಡು ಬಾರಿ ಇಂತಹ ಒಂದು ಸಂಘಕ್ಕೆ ಹಾಲು ಹಾಕುತ್ತಾರೆ. ಅವರಿಗೆ ಓದು ಬಾರದು. ಬಟವಾಡೆಯ ಚೀಟಿಯನ್ನು ಓದಿ ತಾಳೆ ನೋಡಬಲ್ಲವನು ಮನೆಯಲ್ಲಿ ನಾನೊಬ್ಬನೇ; ನಾನಾದರೋ ಕಾಲೇಜಿನ ದೆಸೆಯಿಂದ ಊರಲ್ಲಿರುವುದೇ ಅಪರೂಪ. ಒಂದು ದಿನ ಆ ಯಂತ್ರ ಪೂರ್ತಿಯಾಗಿ ನಿಂತುಹೋಯಿತೆಂದು ಭಾವಿಸೋಣ. ಏನಾಗುತ್ತದೆ? ಸಾಲು ಉದ್ದವಾಗುತ್ತದೆ, ಜನ ಗೊಣಗುತ್ತಾರೆ, ಕಾರ್ಯದರ್ಶಿಗಳು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಷ್ಟವಾಯಿತು, ಆದರೆ ಮೋಸವಾಗಲಿಲ್ಲ. ಇದಕ್ಕೆ ಬದಲಾಗಿ, ತಿರುಳು ಕೆಟ್ಟ ಯಂತ್ರ ನಿಲ್ಲದೆ, ಒಬ್ಬರ ಲೀಟರುಗಳನ್ನು ಮತ್ತೊಬ್ಬರ ಖಾತೆಗೆ ಬರೆಯುತ್ತ ಹೋಯಿತೆಂದು ಭಾವಿಸಿ. ಸಾಲು ಬೇಗಬೇಗನೆ ಮುಂದೆ ಸಾಗುತ್ತದೆ; ಯಾರಿಗೂ ಏನೂ ತಿಳಿಯುವುದಿಲ್ಲ.

ಯಂತ್ರ ನಿಂತರೆ ಅದು ಓದುಬಾರದವರ ಕಣ್ಣಿಗೂ ಕಾಣುತ್ತದೆ. ಯಂತ್ರ ಸುಳ್ಳು ಬರೆದರೆ ಅದು ಓದುಬಲ್ಲವರ ಕಣ್ಣಿಗೂ ಸುಲಭವಾಗಿ ಕಾಣುವುದಿಲ್ಲ. ಈ ವಿಷಯದಲ್ಲಿ ನಾನು ಕಲಿತ ಮುಖ್ಯ ಪಾಠ ಇದು. ಲೆಕ್ಕವನ್ನು ತಾವೇ ಪರೀಕ್ಷಿಸಲಾರದ ಕೋಟ್ಯಂತರ ಜನ ಇಂದು ಗಣಕಯಂತ್ರವನ್ನು ನಂಬಿದ್ದಾರೆ. ತನ್ನನ್ನು ತಾನೇ ನಂಬಲಾರದ ಸ್ಥಿತಿ ಬಂದಾಗ ಬಾಯಿಬಿಟ್ಟು ಹೇಳಿ ನಿಲ್ಲುವುದು ಅವರಿಗೆ ಯಂತ್ರ ಸಲ್ಲಿಸಬೇಕಾದ ಋಣ.

ಈ ತತ್ತ್ವ ಇಂದಿನ ಕರ್ನೆಲ್ಲುಗಳ ಮಾತಿನಲ್ಲಿಯೇ ಉಳಿದಿದೆ. ವೇಗಕ್ಕಾಗಿ ಕರ್ನೆಲ್ ಡಿಸ್ಕಿಗೆ ಬರೆಯಬೇಕಾದುದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿಯೇ ಇಟ್ಟುಕೊಂಡಿದ್ದು ಆಮೇಲೆ ಬರೆಯುತ್ತದೆ. ೧೯೭೫ರಲ್ಲಿ ಹೊರಬಂದ ಯುನಿಕ್ಸಿನ ಆರನೆಯ ಆವೃತ್ತಿಯಲ್ಲಿ ಪ್ಯಾನಿಕ್ ಭಾಗವು ನಿಲ್ಲುವುದಕ್ಕೆ ಮುಂಚೆ ಹೀಗೆ ಬಾಕಿಯುಳಿದುದನ್ನೆಲ್ಲ ಡಿಸ್ಕಿಗೆ ಬರೆಯುತ್ತಿತ್ತು. ಸಾಯುವ ಮೊದಲು ಬಾಕಿ ತೀರಿಸುವ ಸದುದ್ದೇಶವೇ ಸರಿ. ಆದರೆ ಆ ಬಾಕಿಯ ಪಟ್ಟಿಯೇ ಕೆಟ್ಟಿದ್ದರೆ? ಮೆಮೊರಿಯಲ್ಲಿದ್ದ ಸುಳ್ಳು ಡಿಸ್ಕಿಗೆ ಇಳಿದು ಶಾಶ್ವತವಾಗಿಬಿಡುತ್ತದೆ. ಇಂದಿನ ಲಿನಕ್ಸ್ ಕರ್ನೆಲ್ ಗಾಬರಿಬಿದ್ದಾಗ ತೋರಿಸುವ ಸಂದೇಶದ ಮೊದಲಲ್ಲಿಯೇ "ಕರ್ನೆಲ್ ಪ್ಯಾನಿಕ್, ನಾಟ್ ಸಿಂಕಿಂಗ್" ಎಂಬ ಮಾತಿರುತ್ತದೆ. ಬಾಕಿಯನ್ನು ಡಿಸ್ಕಿಗೆ ಬರೆಯುತ್ತಿಲ್ಲ ಎಂಬುದೇ ಅದರ ಅರ್ಥ. ಕೆಲವು ಕ್ಷಣಗಳ ಕೆಲಸ ಹೋದರೂ ಚಿಂತೆಯಿಲ್ಲ, ಹಳೆಯ ದಾಖಲೆ ಕೆಡಬಾರದು ಎಂಬ ನಿರ್ಧಾರ ಅದರಲ್ಲಿದೆ.

ಇಷ್ಟನ್ನು ಓದಿ, ಹಾಗಾದರೆ ತಪ್ಪು ಕಂಡೊಡನೆ ನಿಂತುಬಿಡುವುದೇ ಎಲ್ಲ ಕಾಲಕ್ಕೂ ಸರಿಯೆಂದು ತೀರ್ಮಾನಿಸಿದರೆ ಅದೂ ಆತುರವಾದೀತು. ನಿಲ್ಲುವುದರಿಂದಲೂ ಹಾನಿಯುಂಟು. ರಿಚಿಯವರ ಯಂತ್ರದ ಹತ್ತಿರ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬ ಮನುಷ್ಯನಿದ್ದನು. ಎಲ್ಲ ಯಂತ್ರಗಳಿಗೂ ಈ ಭಾಗ್ಯವಿಲ್ಲ.

ಯುನಿಕ್ಸ್ ಹುಟ್ಟಿದ ಅದೇ ೧೯೬೯ರ ಜುಲೈ ೨೦ರಂದು ಅಪೋಲೋ ೧೧ರ ಚಂದ್ರನೌಕೆ ಚಂದ್ರನ ಮೇಲೆ ಇಳಿಯುತ್ತಿತ್ತು. ಇಳಿಯುವ ಕೊನೆಯ ನಿಮಿಷಗಳಲ್ಲಿ ಅದರ ಗಣಕಯಂತ್ರ ೧೨೦೨ ಮತ್ತು ೧೨೦೧ ಎಂಬ ಎಚ್ಚರಿಕೆಗಳನ್ನು ತೋರಿಸಿತು. ಮಾಡಬೇಕಾದ ಕೆಲಸ ಹೆಚ್ಚಾಗಿ, ಹೊಸ ಕೆಲಸಕ್ಕೆ ಮೆಮೊರಿಯಲ್ಲಿ ಜಾಗ ಉಳಿದಿಲ್ಲವೆಂಬುದು ಅವುಗಳ ಅರ್ಥ. ಅಲ್ಲಿ ಯಂತ್ರ ನಿಂತುಬಿಟ್ಟಿದ್ದರೆ ಇಳಿಯುವ ಪ್ರಯತ್ನವನ್ನೇ ಕೈಬಿಡಬೇಕಾಗುತ್ತಿತ್ತು. ಆದರೆ ಎಂ.ಐ.ಟಿ.ಯಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್ ಅವರ ನಾಯಕತ್ವದಲ್ಲಿದ್ದ ತಂಡ ಬರೆದ ಪ್ರೋಗ್ರಾಮು ಬೇರೊಂದು ದಾರಿಯನ್ನು ಬಲ್ಲದಾಗಿತ್ತು. ಅದು ತನ್ನನ್ನು ತಾನೇ ಕ್ಷಣಮಾತ್ರದಲ್ಲಿ ಪುನರಾರಂಭಿಸಿಕೊಂಡು, ಅಷ್ಟೇನೂ ಮುಖ್ಯವಲ್ಲದ ಕೆಲಸಗಳನ್ನು ಬಿಟ್ಟು, ನೌಕೆಯನ್ನು ನಡೆಸುವ ಕೆಲಸವನ್ನು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿತು. ನೌಕೆ ಸುರಕ್ಷಿತವಾಗಿ ಇಳಿಯಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ಮೊದಲೇ ಯೋಚಿಸಿಟ್ಟಿದ್ದರಿಂದ ಮಾತ್ರ ಇದು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಇದಕ್ಕೆ ವಿರುದ್ಧವಾದ ದುರಂತವೊಂದು ೧೯೯೬ರ ಜೂನ್ ೪ರಂದು ನಡೆಯಿತು. ಯೂರೋಪಿನ ಏರಿಯಾನ್ ೫ ರಾಕೆಟ್ಟು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಮೇಲೇರಿತು. ಅದರ ದಿಕ್ಕನ್ನು ಅಳೆಯುವ ಉಪಕರಣದ ಗಣಕದಲ್ಲಿ, ೬೪ ಬಿಟ್ಟುಗಳ ಒಂದು ಸಂಖ್ಯೆಯನ್ನು ೧೬ ಬಿಟ್ಟುಗಳ ಪೂರ್ಣಾಂಕವಾಗಿ ಬದಲಾಯಿಸುವಾಗ ಸಂಖ್ಯೆ ಹಿಡಿಯಲಾರದಷ್ಟು ದೊಡ್ಡದಾಯಿತು. ಉಪಕರಣ ತಪ್ಪನ್ನು ಕಂಡು, ತನಗೆ ವಿಧಿಸಿದ್ದಂತೆ ನಿಂತುಬಿಟ್ಟಿತು. ಅದು ಕೆಟ್ಟರೆ ಇರಲೆಂದು ಜೊತೆಯಲ್ಲಿ ಇನ್ನೊಂದನ್ನು ಇಟ್ಟಿದ್ದರು. ಆದರೆ ಅದರಲ್ಲಿದ್ದುದೂ ಅದೇ ಪ್ರೋಗ್ರಾಮು. ಅದೂ ಅದೇ ಕಾರಣಕ್ಕೆ ಅದಕ್ಕೂ ಮೊದಲೇ ನಿಂತಿತ್ತು. ನಿಂತ ಉಪಕರಣ ಕಳುಹಿಸಿದ ದೋಷವಿವರಣೆಯ ಸಂಖ್ಯೆಗಳನ್ನು ಮುಖ್ಯ ಗಣಕವು ಹಾರಾಟದ ಅಳತೆಗಳೆಂದೇ ತಿಳಿದು ರಾಕೆಟ್ಟನ್ನು ತಿರುಗಿಸಿತು. ಸುಮಾರು ೪೦ ಸೆಕೆಂಡುಗಳಲ್ಲಿ ಎಲ್ಲವೂ ನಾಶವಾಯಿತು. ಆ ಲೆಕ್ಕವಾದರೋ ರಾಕೆಟ್ಟು ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಹಿಂದಿನ ಏರಿಯಾನ್ ೪ರಿಂದ ಹಾಗೆಯೇ ಉಳಿದುಬಂದಿದ್ದಿತು. ಒಂದು ಅನಾವಶ್ಯಕ ಕೆಲಸದ ತಪ್ಪಿಗಾಗಿ ಅತ್ಯಾವಶ್ಯಕ ಕೆಲಸವನ್ನೂ ನಿಲ್ಲಿಸಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ನಿಲ್ಲದೆ ಹೋದರೆ ಸುಳ್ಳು ಬೆಳೆಯುತ್ತದೆ, ನಿಂತರೆ ಕೆಲಸ ಕೆಡುತ್ತದೆ. ಈ ಎರಡರ ನಡುವೆ ಒಂದು ಮಧ್ಯಮಾರ್ಗವನ್ನು ಹಿಡಿದಿರುವುದು ೧೯೯೧ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್. ಅದರ ಕರ್ನೆಲ್ಲಿನಲ್ಲಿ ತಪ್ಪುಗಳಿಗೆ ಮೂರು ಮೆಟ್ಟಿಲುಗಳಿವೆ. ಲಘುವಾದುದಾದರೆ ಎಚ್ಚರಿಕೆಯನ್ನು ದಾಖಲೆಯಲ್ಲಿ ಬರೆದು ಮುಂದುವರಿಯುತ್ತದೆ. ಅದಕ್ಕಿಂತ ಗಂಭೀರವಾದುದಕ್ಕೆ ಊಪ್ಸ್ ಎಂದು ಹೆಸರು; ನಮ್ಮಲ್ಲಿ ಕೈತಪ್ಪಿದಾಗ ಅಯ್ಯೋ ಎನ್ನುವಂತೆ. ಆಗ ಕರ್ನೆಲ್ಲು ಯಾವ ಪ್ರೋಗ್ರಾಮಿನ ಪರವಾಗಿ ಕೆಲಸ ಮಾಡುತ್ತಿತ್ತೋ ಅದೊಂದನ್ನು ಕೊಂದು, ನಡೆದುದನ್ನು ಬರೆದಿಟ್ಟು, ಉಳಿದವುಗಳನ್ನು ನಡೆಸಿಕೊಂಡು ಹೋಗುತ್ತದೆ. ಕೊನೆಯ ಮೆಟ್ಟಿಲು ಪ್ಯಾನಿಕ್. ಎಲ್ಲ ಪ್ರೋಗ್ರಾಮುಗಳಿಗೂ ಮೂಲವಾದ ಮೊದಲ ಪ್ರೋಗ್ರಾಮೇ ಸತ್ತರೆ, ಅಥವಾ ಯಾವ ಪ್ರೋಗ್ರಾಮನ್ನೂ ಹೊಣೆಮಾಡಲಾಗದ ಸ್ಥಳದಲ್ಲಿ ತಪ್ಪು ನಡೆದರೆ, ಆಗ ನಿಲ್ಲುವುದೊಂದೇ ದಾರಿ.

ಸಣ್ಣ ಪುಟ್ಟ ಅನುಮಾನಗಳಿಗೆಲ್ಲ ಕರ್ನೆಲ್ಲನ್ನು ಕೆಡವುವಂತೆ ಬರೆಯುವವರನ್ನು ಟೋರ್ವಾಲ್ಡ್ಸ್ ಅನೇಕ ಬಾರಿ ಆಕ್ಷೇಪಿಸಿದ್ದಾರೆ. ಅವರ ವಾದದಲ್ಲಿ ಸಾರವಿದೆ. ಸಾಮಾನ್ಯನೊಬ್ಬನ ಯಂತ್ರ ಹಠಾತ್ತನೆ ಸತ್ತರೆ ಅವನ ಕೆಲಸ ಹೋಗುವುದಲ್ಲದೆ, ಏಕೆ ಸತ್ತಿತೆಂಬ ಕುರುಹೂ ಹೋಗುತ್ತದೆ. ಹೇಗಾದರೂ ಬದುಕಿ ಎಚ್ಚರಿಕೆಯನ್ನು ಬರೆದಿಟ್ಟರೆ ತಿದ್ದುವವರಿಗೆ ಸುದ್ದಿಯಾದರೂ ಮುಟ್ಟುತ್ತದೆ. ಆದರೆ ಮಧ್ಯಮಾರ್ಗಕ್ಕೂ ಅಪಾಯವುಂಟು. ಉಗ್ರಾಣದ ಬೀಗದಕೈ ಸೊಂಟದಲ್ಲಿರುವಾಗಲೇ ಉಗ್ರಾಣಿ ಸತ್ತುಹೋದರೆ ಹೇಗೋ, ಹಾಗೆ ಕೊಲ್ಲಲ್ಪಟ್ಟ ಪ್ರೋಗ್ರಾಮಿನ ಕೈಯಲ್ಲಿ ಕರ್ನೆಲ್ಲಿನ ಯಾವುದಾದರೂ ಬೀಗ ಉಳಿದುಬಿಡಬಹುದು. ಆಮೇಲೆ ಅದೇ ಬೀಗಕ್ಕಾಗಿ ಬಂದವರೆಲ್ಲ ಬಾಗಿಲಲ್ಲೇ ಕಾಯುತ್ತ ನಿಲ್ಲುತ್ತಾರೆ. ಪದೇ ಪದೇ ಹೀಗೆ ಬೀಳಿಸಿ ಬೀಳಿಸಿ ಕರ್ನೆಲ್ಲಿನ ಎಣಿಕೆಗಳನ್ನು ಕೆಡಿಸಿ ಒಳನುಗ್ಗುವ ದುಷ್ಟರ ಭಯವೂ ಇದೆ. ಆದುದರಿಂದ ಇತ್ತೀಚಿನ ವರ್ಷಗಳಲ್ಲಿ ಇದಕ್ಕೊಂದು ಮಿತಿಯನ್ನು ಹಾಕಿದ್ದಾರೆ: ಊಪ್ಸುಗಳ ಸಂಖ್ಯೆ ೧೦,೦೦೦ ಮುಟ್ಟಿದರೆ ಕರ್ನೆಲ್ ನಿಂತೇಬಿಡಬೇಕು. ಸಾವಿರಾರು ಯಂತ್ರಗಳಿರುವ ಕೇಂದ್ರಗಳಲ್ಲಿ ಮೊದಲ ಊಪ್ಸಿಗೇ ನಿಲ್ಲುವಂತೆ ವಿಧಿಸುವುದೂ ಉಂಟು. ಅಲ್ಲಿ ಒಂದು ನಿಂತರೆ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳುತ್ತದೆ.

ನಿಲ್ಲಲೇಬೇಕಾಗಿ ಬಂದಾಗ ಸುಮ್ಮನೆ ನಿಂತರೆ ಸಾಲದು; ಸಾಕ್ಷ್ಯವನ್ನು ಬಿಟ್ಟುಹೋಗಬೇಕು. ಅಪಘಾತವಾದ ಜಾಗದಲ್ಲಿ ಪೊಲೀಸರು ಯಾವ ವಸ್ತುವನ್ನೂ ಕದಲಿಸದೆ ಮಹಜರು ಬರೆಯುತ್ತಾರಲ್ಲವೇ? ಹಾಗೆಯೇ ಬಿದ್ದ ಕ್ಷಣದಲ್ಲಿ ಮೆಮೊರಿಯಲ್ಲಿ ಏನೇನಿತ್ತೆಂಬುದನ್ನು ಡಿಸ್ಕಿನಲ್ಲಿ ಬರೆದಿಡಬೇಕು. ಇದನ್ನು ಬರೆಯುವವರಾರು? ಕೆಟ್ಟ ಕರ್ನೆಲ್ಲಿನ ಕೈಯನ್ನೇ ನಂಬುವಂತಿಲ್ಲ. ಮೈಕ್ರೋಸಾಫ್ಟಿನ ವಿಂಡೋಸಿನಲ್ಲಿ ಇದಕ್ಕಾಗಿ ನಿತ್ಯದ ದಾರಿಯನ್ನು ಬಿಟ್ಟು, ಮೊದಲೇ ಗೊತ್ತುಮಾಡಿಟ್ಟ ಡಿಸ್ಕಿನ ಜಾಗಕ್ಕೆ, ಮೊದಲೇ ಸಿದ್ಧವಾಗಿಟ್ಟ ಪ್ರತ್ಯೇಕ ಭಾಗವೊಂದು ಬರೆಯುತ್ತದೆ. ಲಿನಕ್ಸಿನ ಉಪಾಯ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಮೆಮೊರಿಯ ಒಂದು ಮೂಲೆಯನ್ನು ಮೀಸಲಿಟ್ಟು ಅದರಲ್ಲಿ ಎರಡನೆಯ ಪುಟ್ಟ ಕರ್ನೆಲ್ಲೊಂದನ್ನು ಮಲಗಿಸಿರುತ್ತಾರೆ. ಮೊದಲನೆಯದು ಬಿದ್ದೊಡನೆ ಎರಡನೆಯದು ಎದ್ದು, ಬಿದ್ದವನ ಮಹಜರನ್ನು ಬರೆಯುತ್ತದೆ. ಸತ್ತವನೇ ತನ್ನ ಸಾವಿನ ವರದಿಯನ್ನು ಬರೆಯಬೇಕಾದ ಅವಸ್ಥೆ ಇದರಿಂದ ತಪ್ಪಿತು. ವಿಂಡೋಸ್ ಬಿದ್ದಾಗ ಕಾಣುತ್ತಿದ್ದ ನೀಲಿ ತೆರೆಯನ್ನು ನಮ್ಮಲ್ಲಿ ನೋಡದವರು ಕಡಮೆ. ೨೦೨೫ರಲ್ಲಿ ಅದರ ಬಣ್ಣ ಕಪ್ಪಾಯಿತು. ಆದರೆ ಅದರಲ್ಲಿರುವ ದೋಷದ ಸಂಕೇತ ಮಾತ್ರ ಉಳಿದುಬಂದಿದೆ, ಏಕೆಂದರೆ ತಿದ್ದುವವನಿಗೆ ಬೇಕಾದುದು ಅದು.

ಸಾಕ್ಷ್ಯ ಬರೆದ ಮೇಲಿನ ಕರ್ತವ್ಯ ಮತ್ತೆ ಏಳುವುದು. ಕೂಗಿದರೆ ಬರುವವರಿಲ್ಲದ ಕಡೆ ಇದನ್ನೂ ಯಂತ್ರವೇ ಮಾಡಿಕೊಳ್ಳಬೇಕು. ೧೯೯೭ರ ಜುಲೈ ೪ರಂದು ಮಂಗಳಗ್ರಹದ ಮೇಲೆ ಇಳಿದ ಪಾತ್‌ಫೈಂಡರ್ ನೌಕೆಯ ಗಣಕ ಕೆಲವು ದಿನಗಳಲ್ಲಿಯೇ ಮತ್ತೆ ಮತ್ತೆ ಪುನರಾರಂಭವಾಗತೊಡಗಿತು. ಮುಖ್ಯ ಕೆಲಸವೊಂದು ಗೊತ್ತಾದ ವೇಳೆಗೆ ಮುಗಿಯದಿದ್ದುದನ್ನು ಕಂಡು, ಏನೋ ಕೆಟ್ಟಿದೆಯೆಂದು ಅದು ತನ್ನನ್ನು ತಾನೇ ಹೊಸದಾಗಿ ಆರಂಭಿಸಿಕೊಳ್ಳುತ್ತಿತ್ತು. ಭೂಮಿಯಲ್ಲಿದ್ದ ಇಂಜಿನಿಯರುಗಳು ಅಂಥದೇ ಯಂತ್ರದಲ್ಲಿ ಅದೇ ತಪ್ಪನ್ನು ಮರುಕಳಿಸಿ ನೋಡಿದರು. ಕಡಮೆ ಮುಖ್ಯವಾದ ಕೆಲಸವೊಂದು ಹಿಡಿದ ಬೀಗಕ್ಕಾಗಿ ಬಹು ಮುಖ್ಯವಾದ ಕೆಲಸ ಕಾಯುತ್ತ ನಿಂತಿತ್ತೆಂಬುದು ತಿಳಿಯಿತು. ತಿದ್ದುಪಡಿಯನ್ನು ರೇಡಿಯೋ ಮೂಲಕ ಕಳುಹಿಸಿ ಸರಿಪಡಿಸಿದರು. ಬಿದ್ದರೂ ಎದ್ದು ಭೂಮಿಯ ಮಾತನ್ನು ಕೇಳುವ ಸ್ಥಿತಿಯಲ್ಲಿತ್ತಾದುದರಿಂದ ನೌಕೆ ಉಳಿಯಿತು.

ಆದರೆ ಏಳುವುದೊಂದೇ ಮದ್ದಲ್ಲವೆಂಬುದನ್ನು ೨೦೨೪ರ ಜುಲೈ ೧೯ರಂದು ಲೋಕವೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ಕಂಪನಿಯ ಪ್ರೋಗ್ರಾಮೊಂದು ವಿಂಡೋಸ್ ಕರ್ನೆಲ್ಲಿನ ಒಳಗೆ ಕುಳಿತು ಕಾವಲು ಕಾಯುತ್ತದೆ. ಆ ದಿನ ಕಂಪನಿಯು ಅದಕ್ಕೆ ಒಂದು ಹೊಸ ಕಡತವನ್ನು ಕಳುಹಿಸಿತು. ಅದರ ಪ್ರಕಾರ ೨೧ ಅಂಶಗಳಿರಬೇಕು. ಪ್ರೋಗ್ರಾಮು ಒದಗಿಸುತ್ತಿದ್ದುದು ೨೦ ಮಾತ್ರ. ಇಲ್ಲದ ೨೧ನೆಯದನ್ನು ಓದಹೋಗಿ ಅದು ಮೆಮೊರಿಯ ಎಲ್ಲೆಯನ್ನು ದಾಟಿತು, ಕರ್ನೆಲ್ ನಿಂತಿತು. ನಮ್ಮ ಗಡಿಯಾರದಂತೆ ಬೆಳಿಗ್ಗೆ ೯-೩೯ಕ್ಕೆ ಹೊರಟ ಆ ಕಡತವನ್ನು ೧೦-೫೭ಕ್ಕೆ ಹಿಂತೆಗೆದುಕೊಂಡರು. ಆ ೭೮ ನಿಮಿಷಗಳಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಸುಮಾರು ೮೫ ಲಕ್ಷ ಯಂತ್ರಗಳು ಬಿದ್ದವು. ಅದು ಒಟ್ಟು ವಿಂಡೋಸ್ ಯಂತ್ರಗಳಲ್ಲಿ ನೂರಕ್ಕೆ ಒಂದರಷ್ಟೂ ಅಲ್ಲ. ಆದರೂ ಅನೇಕ ದೇಶಗಳಲ್ಲಿ ಆಸ್ಪತ್ರೆಗಳೂ ಬ್ಯಾಂಕುಗಳೂ ವಿಮಾನಗಳೂ ತೊಡಕಿಗೆ ಸಿಕ್ಕಿದವು. ಬೆಂಗಳೂರಿನ ವಿಮಾನನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿ ಕಾಯಬೇಕಾಯಿತು. ನಮ್ಮ ದೇಶದಲ್ಲಿ ಕೆಲವೆಡೆ ಪ್ರಯಾಣದ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು.

ಇಲ್ಲಿ ಕರ್ನೆಲ್ ನಿಂತದ್ದು ತಪ್ಪೇ? ಅಲ್ಲವೆಂದು ನನ್ನ ಅಭಿಪ್ರಾಯ. ತನ್ನೊಳಗಿನ ಭಾಗವೊಂದು ಎಲ್ಲೆ ದಾಟಿದಾಗ, ಅದು ಇನ್ನೇನನ್ನು ಕೆಡಿಸಿದೆಯೋ ತಿಳಿಯದೆ ಮುಂದುವರಿಯುವುದು ಸಾಹಸವಾಗುತ್ತಿತ್ತು. ತೊಂದರೆಯಾದದ್ದು ಎರಡು ಬೇರೆ ಕಡೆಗಳಲ್ಲಿ. ಮೊದಲನೆಯದಾಗಿ, ಯಂತ್ರ ಏಳುವಾಗಲೇ ಈ ಕಾವಲಿನ ಪ್ರೋಗ್ರಾಮೂ ಏಳುತ್ತಿತ್ತು. ಅದೇ ಕಡತವನ್ನು ಓದುತ್ತಿತ್ತು. ಯಂತ್ರ ಮತ್ತೆ ಬೀಳುತ್ತಿತ್ತು. ಹಿಂದಿನ ಸಲ ಯಾರಿಂದ ಬಿದ್ದೆನೆಂಬುದನ್ನು ನೆನಪಿಟ್ಟು ಈ ಸಲ ಅವನನ್ನು ಹೊರಗಿಟ್ಟು ಏಳುವ ಜಾಣತನ ಅದಕ್ಕಿರಲಿಲ್ಲ. ಕೊನೆಗೆ ಅನೇಕ ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆಯೂ ಕುಳಿತು, ಅದನ್ನು ಸುರಕ್ಷಾ ಕ್ರಮದಲ್ಲಿ ಎಬ್ಬಿಸಿ, ಕೈಯಾರೆ ಆ ಕಡತವನ್ನು ಅಳಿಸಬೇಕಾಯಿತು. ಎರಡನೆಯದಾಗಿ, ಹೊರಗಿನ ಕಂಪನಿಯ ಪ್ರೋಗ್ರಾಮಿಗೆ ತಿರುಳಿನ ಒಳಗೇ ಜಾಗ ಕೊಟ್ಟದ್ದು. ಬಾಗಿಲಲ್ಲಿ ನಿಲ್ಲಬೇಕಾದ ಕಾವಲುಗಾರನನ್ನು ಗರ್ಭಗುಡಿಯೊಳಗೆ ಕೂರಿಸಿದರೆ, ಅವನು ಎಡವಿದರೂ ದೀಪ ಉರುಳುತ್ತದೆ.

ಹಾಗಾದರೆ ಅತ್ಯುತ್ತಮವಾದ ಉಪಾಯವೆಂದರೆ ನಿಲ್ಲಬೇಕಾದ ಸಂದರ್ಭವನ್ನೇ ಕಡಮೆಮಾಡುವುದು, ಅಂದರೆ ತಿರುಳನ್ನು ಚಿಕ್ಕದಾಗಿ ಇಡುವುದು. ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ೧೯೮೭ರಲ್ಲಿ ವಿದ್ಯಾರ್ಥಿಗಳಿಗಾಗಿ ಮಿನಿಕ್ಸ್ ಎಂಬ ಸಿಸ್ಟಮ್ಮನ್ನು ಹೊರತಂದರು. ಅದರ ಮೂರನೆಯ ರೂಪ ೨೦೦೫ರಲ್ಲಿ ಬಂದಿತು. ಇದರಲ್ಲಿ ಡಿಸ್ಕು, ಮುದ್ರಣಯಂತ್ರ ಮೊದಲಾದುವನ್ನು ನಡೆಸುವ ಡ್ರೈವರುಗಳೆಂಬ ಭಾಗಗಳು ತಿರುಳಿನ ಹೊರಗೆ ಸಾಮಾನ್ಯ ಪ್ರೋಗ್ರಾಮುಗಳಂತೆಯೇ ಇರುತ್ತವೆ. ಅವುಗಳಲ್ಲೊಂದು ಸತ್ತರೆ ಅದನ್ನು ಮತ್ತೆ ಹುಟ್ಟಿಸುವುದಕ್ಕೆಂದೇ ಒಬ್ಬನಿದ್ದಾನೆ. ಅವನಿಗೆ ಪುನರ್ಜನ್ಮದ ಸರ್ವರ್ ಎಂದೇ ಹೆಸರು. ೨೦೦೯ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸೆಲ್‌ಫೋರ್ ಎಂಬ ಪುಟ್ಟ ಕರ್ನೆಲ್ಲಿನ ಪ್ರೋಗ್ರಾಮು ಅದರ ನಿರೂಪಣೆಗೆ ತಕ್ಕಂತೆಯೇ ನಡೆಯುವುದೆಂದು ಗಣಿತದ ಕ್ರಮದಲ್ಲಿ ಸಾಧಿಸಿ ತೋರಿಸಿದರು. ಚಿಕ್ಕದಾಗಿದ್ದುದರಿಂದಲೇ ಅದು ಸಾಧ್ಯವಾಯಿತು. ಮೈಕ್ರೋಸಾಫ್ಟ್ ಕೂಡ ಮೇಲಿನ ಪ್ರಸಂಗದ ತರುವಾಯ, ಭದ್ರತೆಯ ಪ್ರೋಗ್ರಾಮುಗಳು ಕರ್ನೆಲ್ಲಿನ ಹೊರಗಿನಿಂದಲೇ ಕೆಲಸ ಮಾಡುವಂತೆ ಏರ್ಪಾಟು ಮಾಡುವ ಉದ್ದೇಶವನ್ನು ೨೦೨೪ರ ನವೆಂಬರಿನಲ್ಲಿ ಪ್ರಕಟಿಸಿತು. ಪ್ರತಿಯೊಂದು ಕೆಲಸಕ್ಕೂ ತಿರುಳಿನ ಬಾಗಿಲಿಗೆ ಹೋಗಿಬರಬೇಕಾದುದರಿಂದ ಈ ದಾರಿಯಲ್ಲಿ ವೇಗ ಸ್ವಲ್ಪ ತಗ್ಗುತ್ತದೆಂಬ ಆಕ್ಷೇಪವಿದೆ. ಅದು ನಿಜವೇ. ಆದರೆ ಎಲ್ಲರ ದಫ್ತರಗಳನ್ನು ಹಿಡಿದವನಿಗೆ ವೇಗಕ್ಕಿಂತ ನಂಬಿಕೆ ದೊಡ್ಡದು.

ಮೇಲಿನ ವಿವೇಚನೆಯನ್ನು ಒಟ್ಟುಗೂಡಿಸಿ ಹೇಳುವುದಾದರೆ, ತಿರುಳು ಕೆಟ್ಟಾಗ ಕರ್ನೆಲ್ಲಿನ ಕರ್ತವ್ಯಗಳು ನಾಲ್ಕು. ತಪ್ಪು ಎಲ್ಲಿಯವರೆಗೆ ಹರಡಿದೆಯೆಂಬುದು ನಿಶ್ಚಯವಾಗಿ ತಿಳಿದಿದ್ದರೆ, ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ ಉಳಿದುದನ್ನು ನಡೆಸುವುದು. ಅದು ತಿಳಿಯದಿದ್ದರೆ, ಇನ್ನೊಂದಕ್ಷರವನ್ನೂ ಬರೆಯದೆ ನಿಲ್ಲುವುದು. ನಿಲ್ಲುವಾಗ ನಂಬತಕ್ಕ ಕೈಯಿಂದ ಸಾಕ್ಷ್ಯವನ್ನು ಬರೆದಿಡುವುದು. ಏಳುವಾಗ ಬೀಳಿಸಿದ ಕಾರಣವನ್ನು ಹೊರಗಿಟ್ಟು ಏಳುವುದು. ಇವುಗಳಲ್ಲಿ ಯಾವುದಕ್ಕ��� ಎಷ್ಟು ತೂಕವೆಂಬುದು ಯಂತ್ರವಿರುವ ಸ್ಥಳವನ್ನು ಅವಲಂಬಿಸಿದೆ. ರಾಕೆಟ್ಟಿನಲ್ಲಿ ಬಿಡಬಾರದ ಕೆಲಸವನ್ನು ಹಿಡಿದೇ ಇರಬೇಕು. ಲೆಕ್ಕದ ಮನೆಯಲ್ಲಿ ಸುಳ್ಳು ಬರೆಯುವುದಕ್ಕಿಂತ ಬಾಗಿಲು ಹಾಕುವುದೇ ಸರಿ. ಇದನ್ನು ತಪ್ಪು ನಡೆದ ಕ್ಷಣದಲ್ಲಿ ಯಂತ್ರ ತೀರ್ಮಾನಿಸಲಾರದು. ಕಟ್ಟುವ ಮನುಷ್ಯ ಮೊದಲೇ ಕುಳಿತು ಯೋಚಿಸಿಡಬೇಕು.

ಯಂತ್ರ ನಿಂತಾಗ ನಾವು ಸಾಮಾನ್ಯವಾಗಿ ಅದನ್ನು ಬಯ್ಯುತ್ತೇವೆ. ಸಾಲಿನಲ್ಲಿ ಕಾದವರಿಗೆ ಸಿಟ್ಟು ಬರುವುದು ಸಹಜ. ಆದರೆ ಅದೇ ಸಾಲಿನಲ್ಲಿ, ಕೊಟ್ಟ ಚೀಟಿಯನ್ನು ಓದಲಾರದೆ ಮಡಿಸಿಟ್ಟುಕೊಳ್ಳುವವರೂ ನಿಂತಿರುತ್ತಾರೆ. ಅವರ ಲೆಕ್ಕ ಕೆಡದಿರಲೆಂದು ಅದು ನಿಂತಿರಬಹುದೆಂಬುದನ್ನು, ನಾಳೆ ಕಚೇರಿಗಳಲ್ಲಿ ಇಂತಹ ಯಂತ್ರಗಳ ಮುಂದೆ ಕೂರಲಿರುವ ನಾವು ನೆನಪಿಡುವುದು ಒಳ್ಳೆಯದು. ಈ ವಿಷಯದಲ್ಲಿ ಹೆಚ್ಚು ಬಲ್ಲ ಗುರುಗಳೂ ಮಿತ್ರರೂ ಚರ್ಚೆಯನ್ನು ಮುಂದುವರಿಸುವರೆಂದು ಆಶಿಸುತ್ತೇನೆ.